ಫಕೀರವ್ವನ ಬಲಮಂಡಿ

ಫಕೀರವ್ವನ ಬಲಮಂಡಿ ಒಂದೇ ವರ್ಷದಲ್ಲಿ ಹದಿನೈದು ವರ್ಷ ಚಿಕ್ಕದಾಗಿದೆ ಎಂದು ಧಾರವಾಡದಿಂದ ಫೋನ್ ಬಂದಾಗ ನಾನು ಎಕ್ಸ್‌ರೇ ಕೋಣೆಯ ಹಿಂದೆ ಕುಳಿತು ಅದೇ ಫಕೀರವ್ವ ಬಡಿದ ಜೋಳದ ರೊಟ್ಟಿ ತಿನ್ನುತ್ತಿದ್ದೆ. ಬಾಯಲ್ಲಿ ತುತ್ತು ಇದ್ದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಏನಾದರೂ ಜಂಬದ ಮಾತು ಆಡಿಬಿಡುತ್ತಿದ್ದೆ. ಮುಂದೆ ಅದನ್ನು ನುಂಗಿಕೊಳ್ಳುವುದು ರೊಟ್ಟಿ ನುಂಗಿದಷ್ಟು ಸುಲಭವಾಗುತ್ತಿರಲಿಲ್ಲ.

ನನ್ನ ಹೆಸರು ಕಸ್ತೂರಿ ಅಣ್ಣಿಗೇರಿ. ಎರೆಹೊಸೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಎಕ್ಸ್‌ರೇ ತೆಗೆಯುತ್ತಿದ್ದೇನೆ. ಜನರ ಒಳಗನ್ನೇ ನೋಡುವಾಕೆ ಎಂದು ನಮ್ಮ ಮನೆಯವರು ಗೆಳೆಯರ ಮುಂದೆ ನನ್ನ ಬಗ್ಗೆ ಹೇಳಿಕೊಳ್ಳುತ್ತಾರೆ. ನೋಡುತ್ತೇನೆ ನಿಜ, ಆದರೆ ಎಕ್ಸ್‌ರೇಗೆ ಚೆನ್ನಾಗಿ ಕಾಣುವುದು ಎಲುಬು ಮಾತ್ರ. ಮಂಡಿಯಲ್ಲಿ ಎರಡು ಎಲುಬಿನ ನಡುವೆ ಒಂದು ಮೆತ್ತನೆಯ ಗಾದಿ ಇರುತ್ತದೆ. ಮಂಡಿ ಸವೆತ ಎಂದರೆ ಮುಖ್ಯವಾಗಿ ಆ ಗಾದಿಯ ಸವೆತ. ತಮಾಷೆಯೆಂದರೆ ಎಕ್ಸ್‌ರೇಯಲ್ಲಿ ಆ ಗಾದಿಯೇ ಕಾಣುವುದಿಲ್ಲ. ಕಾಣುವುದು ಎಲುಬುಗಳ ನಡುವಿನ ಕಪ್ಪು ಸಂದು. ಸಂದು ಎಷ್ಟು ಅಗಲವೋ ಗಾದಿ ಅಷ್ಟು ದಪ್ಪ ಎಂದು ನಾವು ಲೆಕ್ಕ ಹಾಕುತ್ತೇವೆ. ಅದೂ ರೋಗಿ ನಿಂತು, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಹಾಕಿದ್ದರೆ ಮಾತ್ರ. ಗಾದಿ ಎಷ್ಟು ತೆಳುವಾಗಿದೆ ಎಂಬುದು ಅದರ ಮೇಲೆ ಕುಳಿತಾಗಲೇ ಅಲ್ಲವೇ ಗೊತ್ತಾಗುವುದು.

ಐದು ವರ್ಷದ ಹಿಂದೆ ‘ಮುಂಗಾಣಿ’ ಬಂತು. ಅದು ಇರುವುದು ಧಾರವಾಡದಲ್ಲಿ. ಊರೂರಿನ ನಮ್ಮಂಥವರು ವರ್ಷಕ್ಕೊಂದರಂತೆ ತೆಗೆದ ಚಿತ್ರಗಳು ಅಲ್ಲಿಗೆ ಹೋಗುತ್ತವೆ. ಒಂದೇ ಮಂಡಿಯ ಮೂರು ವರ್ಷದ ಚಿತ್ರ ಸಿಕ್ಕರೆ ಸಾಕು, ಸಂದು ಕಿರಿದಾಗುತ್ತಿರುವ ವೇಗ, ಎಲುಬಿನ ಅಂಚಿನಲ್ಲಿ ಎದ್ದ ಮುಳ್ಳು, ಎಲುಬಿನೊಳಗಿನ ಸಣ್ಣ ಎಳೆಗಳು ಯಾವ ಕಡೆಗೆ ವಾಲಿವೆ ಎಂಬುದನ್ನೆಲ್ಲ ನೋಡಿ, ಇನ್ನೂ ತೆಗೆಯದ ಚಿತ್ರವನ್ನು ಮುಂಗಾಣಿ ತಾನೇ ಬರೆದು ತೋರಿಸುತ್ತದೆ. ಮುಂದಿನ ವರ್ಷದ ಮಂಡಿ, ಐದು ವರ್ಷದ ಮೇಲಿನ ಮಂಡಿ, ಹತ್ತು ವರ್ಷದ ಮೇಲಿನ ಮಂಡಿ. ಜನ ಮೊದಮೊದಲು ಹೆದರಿದರು, ಆಮೇಲೆ ರೂಢಿ ಮಾಡಿಕೊಂಡರು. ಮೂರನೇ ಮಹಡಿಯಲ್ಲಿ ಮನೆ ಕೊಳ್ಳುವವರು ಮೊದಲು ನಮ್ಮಲ್ಲಿಗೆ ಬಂದು ಹೋಗತೊಡಗಿದರು. ಭಾವಿ ಅತ್ತೆಯ ಮಂಡಿ ಹೇಗಿದೆ ಎಂದು ವಿಚಾರಿಸಿ ಹೆಣ್ಣು ಕೊಡುವವರೂ ಹುಟ್ಟಿಕೊಂಡರು.

ಮುಂಗಾಣಿಯ ನಿಜವಾದ ಉಪಯೋಗ ಬೇರೆ. ರೋಗಿಯ ಸ್ವಂತ ಜೀವಕೋಶದಿಂದ ಬೆಳೆಸಿದ ತೇಪೆಯೊಂದನ್ನು ಈಗ ಸವೆದ ಗಾದಿಗೆ ಹಚ್ಚುತ್ತಾರೆ. ಹಳೆಯ ಗಾದಿ ಸ್ವಲ್ಪವಾದರೂ ಉಳಿದಿದ್ದರೆ ಅದು ಹತ್ತಿಕೊಂಡು ಬೆಳೆಯುತ್ತದೆ, ಇಲ್ಲದಿದ್ದರೆ ಇಲ್ಲ. ಅದಕ್ಕಾಗಿ ಒಂದು ನಿಯಮ ಮಾಡಿದ್ದಾರೆ. ಸಂದು ಎರಡು ಮಿಲಿಮೀಟರಿಗಿಂತ ಕಿರಿದಾದರೆ ತೇಪೆ ಇಲ್ಲ, ಲೋಹದ ಮಂಡಿಯೇ ಗತಿ. ಯಾರ ಮಂಡಿ ಆ ಗೆರೆಯ ಹತ್ತಿರ ಬಂದಿದೆ, ಯಾರಿಗೆ ಈ ವರ್ಷವೇ ತೇಪೆ ಹಾಕಬೇಕು, ಯಾರು ಕಾಯಬಹುದು ಎಂದು ಮುಂಗಾಣಿ ಪಟ್ಟಿ ಮಾಡುತ್ತದೆ. ಲೋಹದ ಮಂಡಿ ಕೆಟ್ಟದ್ದೇನಲ್ಲ. ನಡೆಯಬಹುದು, ಮೆಟ್ಟಿಲು ಹತ್ತಬಹುದು. ಆದರೆ ಹಾಕಿಸಿಕೊಂಡವರು ಕಾಲು ಮಡಚಿ ನೆಲದ ಮೇಲೆ ಕೂರಬಾರದು ಎಂದು ವೈದ್ಯರು ಕಟ್ಟಪ್ಪಣೆ ಮಾಡುತ್ತಾರೆ.

ಫಕೀರವ್ವನಿಗೆ ನೆಲದ ಮೇಲೆ ಕೂರುವುದೇ ಬದುಕು. ಬಸ್‌ಸ್ಟ್ಯಾಂಡಿನ ಹಿಂದಿನ ರೊಟ್ಟಿ ಕೇಂದ್ರವನ್ನು ಕಟ್ಟಿದವಳು ಅವಳು. ಈಗ ಅವಳನ್ನೂ ಸೇರಿಸಿ ಮೂವತ್ತೊಂದು ಹೆಣ್ಣುಮಕ್ಕಳು ಅಲ್ಲಿ ಸಾಲಾಗಿ ಕುಳಿತು ರೊಟ್ಟಿ ಬಡಿಯುತ್ತಾರೆ. ಎಲ್ಲರದೂ ಒಂದೇ ಭಂಗಿ: ಬಲಗಾಲು ಪೂರ್ತಿ ಮಡಚಿ, ಎಡಮಂಡಿ ಎತ್ತಿ, ಮೈಯನ್ನು ಮುಂದಕ್ಕೆ ಬಾಗಿಸಿ. ಸರಕಾರದವರು ಎತ್ತರದ ಕಟ್ಟೆ ಮಾಡಿಸಿಕೊಟ್ಟರು. ಅದರ ಮೇಲೆ ಇವರು ಹಿಟ್ಟಿನ ಚೀಲ ಒಟ್ಟಿದರು. ಕೂತು ಬಡಿದರೆ ಮೈಯ ಭಾರ ಕೈಗೆ ಇಳಿಯುತ್ತದೆ, ನಿಂತರೆ ತೋಳು ಸೋಲುತ್ತದೆ, ರೊಟ್ಟಿಯ ಅಂಚು ಒಡೆಯುತ್ತದೆ ಎಂಬುದು ಫಕೀರವ್ವನ ವಾದ. ಹದಿನಾಲ್ಕನೇ ವಯಸ್ಸಿಗೆ ಮಡಚಿದ ಬಲಗಾಲು, ಈಗ ಅವಳಿಗೆ ಐವತ್ತೇಳು. ಹೋದ ವರ್ಷ ಆ ಮಂಡಿಯ ಸಂದು ಎರಡೂವರೆ ಮಿಲಿಮೀಟರ್ ಇತ್ತು. ಈ ವರ್ಷ ಗೆರೆಯ ಹತ್ತಿರ, ಮುಂದಿನ ವರ್ಷ ಗೆರೆಯ ಕೆಳಗೆ ಎಂದು ಮುಂಗಾಣಿ ಹೇಳಿ, ಈ ವರ್ಷದ ತೇಪೆಯ ಪಟ್ಟಿಯಲ್ಲಿ ಅವಳ ಹೆಸರನ್ನು ಮೇಲೆ ಇಟ್ಟಿತ್ತು.

ಈಗ ಫೋನಿನಲ್ಲಿ ಬಂದ ಸುದ್ದಿ ಬೇರೆಯೇ. ಮಾತಾಡುತ್ತಿದ್ದವರು ಡಾ. ವಾರಿಜಾ ಪುತ್ರನ್, ಮುಂಗಾಣಿಯನ್ನು ನೋಡಿಕೊಳ್ಳುವ ವಿಜ್ಞಾನಿ. ಕರಾವಳಿಯವರು.

“ಕಸ್ತೂರಿಯವರೇ, ನಿಮ್ಮ ಊರಲ್ಲಿ ಎಂತ ತಿನ್ನುತ್ತೀರಿ ಮಾರಾಯ್ರೆ?”

“ರೊಟ್ಟಿ ತಿಂತೀವ್ರಿ ಮೇಡಂ. ಯಾಕ್ರಿ?”

“ನೀವು ಮೊನ್ನೆ ಕಳಿಸಿದ ಚಿತ್ರ ನೋಡಿದೆ. ಆ ಫಕೀರವ್ವನ ಸಂದು ಮೂರೂವರೆ ಉಂಟು. ಅವರದ್ದು ಮಾತ್ರ ಅಲ್ಲ, ರೊಟ್ಟಿ ಕೇಂದ್ರದ ಮೂವತ್ತೊಂದು ಜನರದ್ದೂ ಅಗಲ ಆಗಿದೆ. ಗಾದಿ ತನ್ನಷ್ಟಕ್ಕೆ ಬೆಳೆಯುವುದನ್ನು ನಾನು ಇಷ್ಟು ವರ್ಷದಲ್ಲಿ ನೋಡಿದ್ದೇ ಇಲ್ಲ.”

ಮೂವತ್ತೊಂದು ಮಂಡಿಗಳೂ ಮುಂಗಾಣಿಯ ಪರದೆಯಲ್ಲಿ ಹಸಿರಾಗಿದ್ದವು. ತೇಪೆಯ ಪಟ್ಟಿಯಿಂದ ಫಕೀರವ್ವನ ಹೆಸರು ಇಳಿದುಹೋಗಿತ್ತು. ಇನ್ನು ಏಳು ವರ್ಷ ಚಿಂತೆಯಿಲ್ಲ ಎಂದು ಷರಾ ಬಿದ್ದಿತ್ತು. ಮರುವಾರ ಆಸ್ಪತ್ರೆಗೆ ಯಾರ್‍ಯಾರೋ ಬಂದು ಜೋಳದ ಹಿಟ್ಟಿನ ಮಾದರಿ, ಬಾವಿ ನೀರಿನ ಮಾದರಿ ತುಂಬಿಕೊಂಡು ಹೋದರು. ನನ್ನ ಕೈಕುಲುಕಿದರು. ನಾನೂ ಖುಷಿಯಿಂದ ಕುಲುಕಿಸಿಕೊಂಡೆ.

ಭಾನುವಾರ ಬೆಳಿಗ್ಗೆ, ಸಿಹಿಸುದ್ದಿಯನ್ನು ಬಾಯಾರೆ ಹೇಳೋಣ ಎಂದು ಫಕೀರವ್ವನ ಮನೆಗೆ ಹೋದೆ. ಅವಳ ಮನೆಯ ಮುಂದೆ ಮೂರೇ ಮೂರು ಮೆಟ್ಟಿಲು. ನನ್ನನ್ನು ನೋಡಿ ಇಳಿದು ಬರಲು ಹೊರಟವಳು ಗೋಡೆಯ ಕಡೆ ತಿರುಗಿ, ಎರಡೂ ಕೈಯಲ್ಲಿ ಕಟ್ಟೆ ಹಿಡಿದು, ಬೆನ್ನು ನನಗೆ ಮಾಡಿ ಒಂದೊಂದೇ ಮೆಟ್ಟಿಲು ಹಿಂದುಹಿಂದಕ್ಕೆ ಇಳಿದಳು. ಹೋದ ವರ್ಷ ಹೀಗೆ ಇಳಿಯುತ್ತಿರಲಿಲ್ಲ. ಹದಿನೈದು ವರ್ಷ ಚಿಕ್ಕದಾದ ಮಂಡಿಯನ್ನು ಇಟ್ಟುಕೊಂಡು ಯಾರೂ ಹೀಗೆ ಇಳಿಯುವುದಿಲ್ಲ.

“ನೋವೈತೇನ ಯವ್ವಾ?” ಎಂದೆ.

“ಐತಿ ಅನಸ್ತೈತ್ರಿ ಬಾಯಾರ. ಆದ್ರ ಮಶಿನ್ನ ಚಲೋ ಐತಿ ಅಂದ ಮ್ಯಾಲೆ ಇದು ಖರೇ ನೋವಿರಾಕಿಲ್ಲ ಬಿಡ್ರಿ. ಏನೋ ನನ್ನ ಮನಸಿನ ಚಟ.” ಹಾಗೆಂದು ನಕ್ಕು, ನನಗೆ ಚಾಪೆ ಹಾಸಿ, ತಾನು ಗೋಡೆಗೆ ಒರಗಿ ನಿಂತಳು. ಕೂರಲಿಲ್ಲ.

ನನ್ನ ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಕೇಳಿದ ಅತ್ಯಂತ ಕೆಟ್ಟ ಮಾತು ಅದು. ಅವಳ ನೋವನ್ನೇ ಸುಳ್ಳೆಂದು ಅವಳಿಗೆ ನಂಬಿಸುವ ಮಶಿನ್ನಿಗೆ ಚಿತ್ರ ಕಳಿಸಿಕೊಟ್ಟವಳು ನಾನು.

“ಚಿತ್ರ ತಗಿಯೂವಾಗ ಹ್ಯಾಂಗ ನಿಂತಿದ್ದಿ, ಒಂದೀಟು ತೋರ್ಸು ನೋಡೂಣು.”

ಅವಳು ಸಂಕೋಚಪಡುತ್ತಲೇ ತೋರಿಸಿದಳು. ಎಡಗಾಲನ್ನು ಗಟ್ಟಿಯಾಗಿ ಊರಿದಳು. ಬಲಗಾಲನ್ನು ಎತ್ತಿ, ಬರೀ ಹೆಬ್ಬೆರಳಿನ ತುದಿಯನ್ನು ನೆಲಕ್ಕೆ ತಾಗಿಸಿ ನಿಂತಳು. ಎತ್ತಿ ಹಿಡಿದಿದ್ದ ಸೀರೆಯ ಅಂಚನ್ನು ಬಿಟ್ಟಾಗ ಅದೇನೂ ಕಾಣಲಿಲ್ಲ. ನೋಡುವವರಿಗೆ ನೆಟ್ಟಗೆ ನಿಂತ ಹೆಂಗಸು.

“ಹಿಂಗ್ಯಾಕ? ಪಾದದ ಗುರುತಿನ ಮ್ಯಾಲೆ ನಿಲ್ಲಂತ ಹೇಳಿದ್ನಲ್ಲ?”

“ಹೇಳೀರಿ ಖರೆ. ಆದ್ರ ಆ ಪಾದಕ್ಕ ನೀವ ಹೂವ ಏರಿಸೀರಿ, ಕುಂಕುಮ ಹಚ್ಚೀರಿ. ಅದನ್ನ ತುಳದು ನಾವು ಎಲ್ಲಿಗೆ ಹೋಗೂಣ್ರಿ? ಎಡಗಾಲು ಬಾಜೂಕ ಇಟ್ಟೆ. ಇನ್ನೊಂದು ಇಡಾಕ ಜಾಗಾನ ಇರಲಿಲ್ಲ. ನಮ್ಮವರಿಗೆಲ್ಲ ಹಂಗ ನಿಲ್ರಿ ಅಂತ ನಾನ ಹೇಳಿದೆ.”

ತಪ್ಪು ಯಾರದು ಎಂದು ಇನ್ನು ಹುಡುಕಬೇಕಾಗಿರಲಿಲ್ಲ. ನಿಲ್ಲುವ ಪೀಠದ ಮೇಲೆ ಕಂಪನಿಯವರು ಅಂಟಿಸಿದ್ದ ಪಾದದ ಗುರುತು ಒರೆಸಿ ಒರೆಸಿ ಹೋಗಿಬಿಟ್ಟಿತ್ತು. ಹೋದ ದಸರೆಗೆ ಮುಂಚೆ ನಾನೇ ಕಾವಿಬಣ್ಣ ತಂದು ಪೀಠಕ್ಕೆ ಬಳಿದು, ಅದರ ಮೇಲೆ ಬಿಳಿಬಣ್ಣದಲ್ಲಿ ಎರಡು ಪಾದ ಬರೆದಿದ್ದೆ. ನಮ್ಮ ಕಡೆ ಮಠಗಳಲ್ಲಿ ಗುರುಗಳ ಪಾದಗಟ್ಟೆ ಇರುತ್ತದಲ್ಲ, ಥೇಟ್ ಹಾಗೆ. ಆಯುಧ ಪೂಜೆಯ ದಿನ ಮಶಿನ್ನಿಗೆ ವಿಭೂತಿ ಎಳೆದು, ಕುಂಬಳಕಾಯಿ ಒಡೆದು, ಕೈಯಲ್ಲಿ ಉಳಿದ ಎರಡು ಚೆಂಡು ಹೂವನ್ನು ಆ ಪಾದಗಳ ಮೇಲಿಟ್ಟು, ಕುಂಕುಮ ಹಚ್ಚಿ ಕೈಮುಗಿದಿದ್ದೆ. ಅಂದು ಆಸ್ಪತ್ರೆಗೆ ರೊಟ್ಟಿ ತಂದಿದ್ದ ಫಕೀರವ್ವನೂ ನನ್ನ ಪಕ್ಕದಲ್ಲೇ ನಿಂತು ಕೈಮುಗಿದಿದ್ದಳು. ಕಾಲಿನ ಭಾರ ಅಳೆಯುವ ತಟ್ಟೆಯೊಂದು ಎಲ್ಲ ಎಕ್ಸ್‌ರೇ ಕೇಂದ್ರಗಳಿಗೂ ಬರಬೇಕಿತ್ತು. ಬಂದಿರಲಿಲ್ಲ. ಸೀಸದ ಗಾಜಿನ ಹಿಂದೆ ನಿಂತ ನನಗೆ ಕಾಣುವುದು ರೋಗಿಯ ಸೊಂಟದ ಮೇಲಿನದು ಮಾತ್ರ.

ಭಾರ ಬೀಳದ ಮಂಡಿಯ ಗಾದಿ ಉಬ್ಬಿಕೊಂಡಿತ್ತು. ಸಂದು ಅಗಲವಾಗಿ ಕಂಡಿತ್ತು. ಪವಾಡ ಅಷ್ಟೇ.

ಈ ಮಾತನ್ನು ಫೋನಿನಲ್ಲಿ ಹೇಳಲು ಧೈರ್ಯ ಸಾಲಲಿಲ್ಲ. ಸೋಮವಾರ ಮೊದಲ ಬಸ್ಸಿಗೇ ಧಾರವಾಡಕ್ಕೆ ಹೋದೆ. ಮುಂಗಾಣಿಯ ಕೋಣೆಯನ್ನು ನಾನು ಅದೇ ಮೊದಲು ನೋಡಿದ್ದು. ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಮಂಡಿಗಳು. ಯಾರದೋ ಹೊಲಕ್ಕೆ ನಡೆದ ಮಂಡಿ, ಯಾರದೋ ಬಸ್ಸಿನ ಕ್ಲಚ್ ತುಳಿದ ಮಂಡಿ, ಎಲ್ಲವೂ ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಉರಿಯುತ್ತಿದ್ದವು. ಎರೆಹೊಸೂರಿನ ಮೂಲೆ ಹಸಿರೋ ಹಸಿರು. ವಾರಿಜಾ ಮೇಡಂ ನನಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಸಂಭ್ರಮದಿಂದ ಏನೋ ಹೇಳಲು ಹೊರಟರು. ನಾನು ಚಹಾ ಮುಟ್ಟದೆ ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟೆ. ಪಾದ, ಕಾವಿ, ಹೂವು, ಕುಂಕುಮ, ಹೆಬ್ಬೆರಳು.

ಅವರು ಪರದೆಯತ್ತ ತಿರುಗಿ ಫಕೀರವ್ವನ ಚಿತ್ರ ತೆರೆದರು.

“ನಾನು ಮುಂದಿನ ತಿಂಗಳು ಇದನ್ನು ದೊಡ್ಡ ಸಭೆಯಲ್ಲಿ ಓದುವವಳಿದ್ದೆ” ಎಂದರು. ಆಮೇಲೆ ಮೆಲ್ಲಗೆ, “ನೀವು ಈಗ ಹೇಳಿದ್ದು ಒಳ್ಳೆಯದಾಯಿತು. ಮೂವತ್ತೊಂದೂ ಮತ್ತೆ ತೆಗೆಯಿರಿ. ಪಟ್ಟಿ ಮುಚ್ಚಲಿಕ್ಕೆ ಇನ್ನು ಒಂಬತ್ತು ದಿನ ಉಂಟು.”

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

ಬಣ್ಣವನ್ನು ನಾನೇ ಕೆರೆದೆ. ಮಂಗಳವಾರ ಬೆಳಿಗ್ಗೆಯಿಂದ ಸಂಜೆಯೊಳಗೆ ರೊಟ್ಟಿ ಕೇಂದ್ರದವರೆಲ್ಲ ಐದೈದು ಮಂದಿಯಾಗಿ ಬಂದರು. ನಾನು ಪ್ರತಿಯೊಬ್ಬರ ಸೀರೆಯ ಅಂಚು ಎತ್ತಿ, ಮಂಡಿಯೂರಿ ಕುಳಿತು, ಅವರ ಅಂಗಾಲು ನೆಲಕ್ಕೆ ಹತ್ತಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿದೆ. ಬಾಯಾರು ನಮ್ಮ ಕಾಲು ಹಿಡಿಯುತ್ತಾರೆ ಎಂದು ಅವರು ನಾಚಿ ನಕ್ಕರು. ಫಕೀರವ್ವ ಕೊನೆಗೆ ಬಂದಳು. ಬಲಗಾಲಿನ ಮೇಲೆ ಭಾರ ಹಾಕಿದಾಗ ಅವಳ ತುಟಿ ಬಿಗಿಯಿತು, ಕಣ್ಣಂಚಿಗೆ ನೀರು ಬಂತು, ಆದರೂ ನಾನು ಸಾಕು ಅನ್ನುವವರೆಗೆ ಅಲುಗಲಿಲ್ಲ.

ಸಂದು ಒಂದು ಪಾಯಿಂಟ್ ಏಳು ಬಂತು. ಗೆರೆಯ ಕೆಳಗೆ. ಅರ್ಧ ಗಂಟೆಯಲ್ಲಿ ಮುಂಗಾಣಿಯ ಉತ್ತರವೂ ಬಂತು: ತೇಪೆ ಸಲ್ಲದು, ಲೋಹದ ಮಂಡಿಗೆ ಕಳಿಸಿ.

ನಾನು ಸತ್ಯ ಹೇಳಿ ಅವಳನ್ನು ಉಳಿಸಲು ಹೊರಟಿದ್ದೆ. ಸತ್ಯ ಅವಳನ್ನು ಪಟ್ಟಿಯಿಂದಲೇ ಹೊರಗೆ ಹಾಕಿತ್ತು. ಮಶಿನ್ನು ಊಹಿಸಿದ್ದಕ್ಕಿಂತ ವೇಗವಾಗಿ ಅವಳ ಮಂಡಿ ಸವೆದಿತ್ತು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅವಳಿಗೆ ಹೇಳಿದೆ.

“ಹೋಗ್ಲಿ ಬಿಡ್ರಿ ಬಾಯಾರ. ನೀವೇನು ಬೇಕಂತ ಮಾಡಿದ್ದಲ್ಲ. ನೀವು ಪೂಜಾ ಮಾಡಿದ್ರಿ, ನಾವು ಕೈಮುಗದ್ವಿ.” ಅಷ್ಟು ಹೇಳಿ ಎದ್ದು ಗೋಡೆ ಹಿಡಿದು ಹೋದಳು. ಮರುದಿನ ಕೇಂದ್ರದಲ್ಲಿ ಸಾಲಿನ ಮೊದಲ ಜಾಗದಲ್ಲಿ ಬೇರೊಬ್ಬಳನ್ನು ಕೂರಿಸಿ, ತಾನು ಹಿಂದೆ ನಿಂತು ಅವಳ ಕೈ ತಿದ್ದುತ್ತಿದ್ದಳೆಂದು ಗೊತ್ತಾಯಿತು. ಅಂದು ಮಧ್ಯಾಹ್ನ ರೊಟ್ಟಿಯ ಬುತ್ತಿ ಬಿಚ್ಚಿದೆ, ತಿನ್ನಲಿಲ್ಲ.

ಬುತ್ತಿ ಮುಚ್ಚಿಟ್ಟು ಬಂದು ಅವಳ ಎರಡೂ ಚಿತ್ರಗಳನ್ನು ಒಂದರ ಪಕ್ಕ ಒಂದು ಹಾಕಿಕೊಂಡು ಕುಳಿತೆ. ಮೊದಲಿನ ತಪ್ಪು ಚಿತ್ರ, ಈಗಿನ ಸರಿ ಚಿತ್ರ. ಒಂದರಲ್ಲಿ ಮೂರೂವರೆ, ಇನ್ನೊಂದರಲ್ಲಿ ಒಂದು ಪಾಯಿಂಟ್ ಏಳು. ಎರಡಕ್ಕೂ ನಡುವೆ ಹೋಗಿದ್ದು ಹದಿನೈದು ದಿನ. ಉಳಿದವರದ್ದನ್ನೂ ತೆರೆದು ನೋಡಿದೆ. ಕೆಲವರ ಸಂದು ಭಾರವಿಲ್ಲದಾಗ ಚೂರೇ ಚೂರು ತೆರೆದಿತ್ತು. ಫಕೀರವ್ವನದು ದುಪ್ಪಟ್ಟು. ನನಗೆ ಸಿಟ್ಟೇ ಬಂತು. ಆ ಸಿಟ್ಟಿನಲ್ಲಿಯೇ ಫೋನ್ ಮಾಡಿದೆ.

“ಮೇಡಂ, ಗಾದಿ ಉಳದಿಲ್ಲ ಅಂತ ಬರದೀರಿ. ಉಳದಿಲ್ಲ ಅಂದ್ರ, ಭಾರ ತಗದಾಗ ಒಳಗ ಉಬ್ಬಿದ್ದು ಏನ್ರಿ?”

“ಸವೆದ ಮಂಡಿಯ ಎಲುಬುಗಳೂ ಭಾರ ತೆಗೆದರೆ ಸ್ವಲ್ಪ ದೂರ ಹೋಗ್ತವೆ, ಕಸ್ತೂರಿಯವರೇ.”

“ಎಲ್ಲಾರದೂ ಅಷ್ಟಽ ದೂರ ಹೋಗಬೇಕಲ್ರಿ ಹಂಗಾದ್ರ. ಇಲ್ಲಿ ನೋಡ್ರಿ, ಒಬ್ಬೊಬ್ಬರದು ಒಂದೊಂದು ಥರಾ ಐತಿ.”

ಆ ಕಡೆ ಕುರ್ಚಿ ಎಳೆದ ಸದ್ದು.

ಮುಂದಿನ ಕೆಲಸವೆಲ್ಲ ವಾರಿಜಾ ಮೇಡಂ ಅವರದು. ಒಂದೇ ಮಂಡಿಯನ್ನು ಭಾರವಿಲ್ಲದೆ ಒಮ್ಮೆ, ಭಾರ ಹಾಕಿ ಒಮ್ಮೆ, ಹದಿನೈದೇ ದಿನದ ಒಳಗೆ ತೆಗೆದ ಚಿತ್ರಗಳು ಮುಂಗಾಣಿಯ ಭಂಡಾರದಲ್ಲಿ ಎಲ್ಲಿಯೂ ಇರಲಿಲ್ಲ. ಸರಿಯಾಗಿ ಕೆಲಸ ಮಾಡುವ ಯಾವ ಕೇಂದ್ರವೂ ತಪ್ಪು ಚಿತ್ರವನ್ನು ಉಳಿಸಿಕೊಳ್ಳುವುದಿಲ್ಲ. ನಮ್ಮಲ್ಲಿ ಮೂವತ್ತೊಂದು ಜೊತೆ ಇದ್ದವು. ಆ ಮೂವತ್ತೊಂದರಲ್ಲಿ ಆರು ಮಂದಿಗೆ ಹಿಂದಿನ ವರ್ಷ ಸಣ್ಣ ದುರ್ಬೀನು ತೂರಿಸಿ ಮಂಡಿಯ ಒಳಗನ್ನು ಕಣ್ಣಾರೆ ನೋಡಿದ ದಾಖಲೆಯೂ ಇತ್ತು. ಹೋಲಿಸಿ ನೋಡಿದರು. ಸಂದು ಕಡಿಮೆ ತೆರೆದವರ ಒಳಗೆ ಬರೀ ಒರಟು ಎಲುಬು. ಹೆಚ್ಚು ತೆರೆದವರ ಒಳಗೆ ತೆಳುವಾಗಿದ್ದರೂ ಒದ್ದೆಯಾಗಿ, ಒತ್ತಿದರೆ ತಗ್ಗಿ ಬಿಟ್ಟರೆ ಏಳುವ ಜೀವಂತ ಗಾದಿ. ಆರಕ್ಕೆ ಆರೂ ಹಾಗೆಯೇ. ಗಾದಿ ಎಷ್ಟು ದಪ್ಪ ಎಂದು ಮಾತ್ರ ನಾವು ಇಷ್ಟು ದಿನ ಕೇಳುತ್ತಿದ್ದೆವು, ಅದು ಇನ್ನೂ ಏಳುತ್ತದೆಯೇ ಎಂದು ಕೇಳಿರಲಿಲ್ಲ. ಮಡಚಿ ಕೂತು ದುಡಿದ ಮಂಡಿಗಳಲ್ಲಿ ಸಂದು ಬೇಗ ಕಿರಿದಾದರೂ ಗಾದಿಯ ಜೀವ ಅಷ್ಟು ಬೇಗ ಹೋಗುವುದಿಲ್ಲವೇನೋ ಎಂದು ಮೇಡಂ ಈಗಲೂ ಅನುಮಾನದಿಂದಲೇ ಹೇಳುತ್ತಾರೆ. ಇನ್ನೂ ಸಾವಿರ ಮಂಡಿ ನೋಡಬೇಕಂತೆ.

ಆದರೆ ಒಂದು ಮಂಡಿಯ ಮಟ್ಟಿಗೆ ಅವರು ಕಾಯಲಿಲ್ಲ. ಪಟ್ಟಿ ಮುಚ್ಚುವ ಹಿಂದಿನ ದಿನ ಧಾರವಾಡದ ವೈದ್ಯರ ಮುಂದೆ ಎರಡೂ ಚಿತ್ರ ಇಟ್ಟು ವಾದಿಸಿದರು. ದುರ್ಬೀನು ಹಾಕಿ ನೋಡೋಣ, ಗಾದಿ ಇದ್ದರೆ ತೇಪೆ, ಇಲ್ಲದಿದ್ದರೆ ಲೋಹ ಎಂದು ವೈದ್ಯರು ಒಪ್ಪಿದರು. ಫಕೀರವ್ವನನ್ನು ಒಪ್ಪಿಸಲು ನಾನು ಹೋದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ದಿನ ಕೇಂದ್ರ ಬಿಡಬೇಕ್ರಿ?” ಎಂಟು ತಿಂಗಳು ಎಂದೆ. ಲೆಕ್ಕ ಹಾಕಿ, “ಅಷ್ಟರಾಗ ಇವರು ರೊಟ್ಟಿ ಕೆಡಿಸಿ ಇಡ್ತಾರ” ಎಂದು ಗೊಣಗಿ, ಬಟ್ಟೆ ಗಂಟು ಕಟ್ಟಿದಳು.

ಗಾದಿ ಇತ್ತು. ತೇಪೆ ಹಾಕಿದರು.

ಈಗ ಎಲ್ಲ ಕೇಂದ್ರಗಳಲ್ಲೂ ಪ್ರತಿ ಮಂಡಿಗೆ ಎರಡು ಚಿತ್ರ ತೆಗೆಯುತ್ತೇವೆ, ಮೊದಲು ಭಾರವಿಲ್ಲದೆ, ಆಮೇಲೆ ಭಾರ ಹಾಕಿ. ನಮೂನೆಯಲ್ಲಿ ಹೊಸದಾಗಿ ಒಂದು ಸಾಲು ಸೇರಿದೆ: ರೋಗಿಗೆ ನೋವಿದೆಯೇ, ಅವರ ಮಾತಿನಲ್ಲೇ ಬರೆಯಿರಿ. ಅದನ್ನು ಸೇರಿಸಬೇಕೆಂದು ಪತ್ರ ಬರೆದು ಬರೆದು ಕಾಟ ಕೊಟ್ಟವಳು ನಾನು. ಚಿತ್ರ ಹೋಗುವ ಮುಂಚೆ ಆ ಸಾಲು ತುಂಬದಿದ್ದರೆ ಮುಂಗಾಣಿ ಬಾಗಿಲೇ ತೆರೆಯುವುದಿಲ್ಲ.

ಫಕೀರವ್ವ ತೇಪೆ ಹಾಕಿದ ಹನ್ನೊಂದನೇ ತಿಂಗಳಿಗೆ ನನ್ನ ಕೋಣೆಗೆ ಬಂದಳು. ಭಾರವಿಲ್ಲದ ಚಿತ್ರ ಮುಗಿಯಿತು. ನಾನು ಸೀಸದ ಗಾಜಿನ ಹಿಂದೆ ಹೋಗಿ, ಈಗಿನ ರೂಢಿಯಂತೆ ಅಂಚಿನಿಂದ ಇಣುಕಿ ಅವಳ ಪಾದ ನೋಡುತ್ತ, “ಈಗ ಎರಡೂ ಕಾಲ ಮ್ಯಾಲೆ ಭಾರ ಹಾಕು ಯವ್ವಾ” ಎಂದೆ.

ಅವಳು ಹಾಕಿದಳು. ಆಮೇಲೆ ನಾನು ಹೇಳದೆಯೇ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಎಡಗಾಲನ್ನು ನೆಲದಿಂದ ತೆಗೆದಳು. ಮೈಯ ಅಷ್ಟೂ ಭಾರ ಬಲಮಂಡಿಯ ಮೇಲೆ. ಪಕ್ಕದ ಕಂಬಿಯನ್ನು ಹಿಡಿಯಲಿಲ್ಲ.

“ಹಂಗ ಬ್ಯಾಡ, ಕಾಲು ಇಳಸು” ಎಂದು ನಾನು ಗಾಬರಿಯಿಂದ ಗಾಜಿನ ಹಿಂದಿನಿಂದ ಹೊರಗೆ ಬಂದೆ.

“ತಡೀರಿ ಬಾಯಾರ.”

“ನೋಯ್ತೈತೇನ?”

ಅವಳು ಕಣ್ಣು ಮುಚ್ಚಿ, ಇಷ್ಟು ವರ್ಷ ಜೊತೆಗಿದ್ದದ್ದು ಎಲ್ಲಿ ಹೋಯಿತೆಂದು ಒಳಗೆಲ್ಲ ಹುಡುಕುವವಳಂತೆ ನಿಂತಳು.

“ಇಲ್ರಿ” ಎಂದಳು, ತಾನೇ ನಂಬದ ದನಿಯಲ್ಲಿ. ಮತ್ತೊಮ್ಮೆ, ನಂಬಿದ ದನಿಯಲ್ಲಿ, “ಇಲ್ರಿ ಬಾಯಾರ.”

ಭಾರದ ಚಿತ್ರಕ್ಕೆ ನಾನು ಇನ್ನೂ ಗುಂಡಿ ಒತ್ತಿರಲಿಲ್ಲ.